ಬರ್ಮದ ಗಿಡ

ಕಳೆದ ಫಾಲ್ಗುಣದ ಒಂದು ಭಾನುವಾರ ಬೆಳಗ್ಗೆ ನಾನು ಎರಡನೆಯ ಲೋಟ ಕಾಫಿಗೆ ಕೈಚಾಚುವ ಹೊತ್ತಿಗೆ ಸ್ನೇಹಿತರೊಬ್ಬರು ಒದ್ದೆ ಟವಲಿನಲ್ಲಿ ಏನನ್ನೋ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡವರ ಹಾಗೆ ಮೆಟ್ಟಿಲು ಹತ್ತಿ ಬಂದರು. ಬಿಚ್ಚಿ ನೋಡಿದರೆ ಒಂದು ರೆಂಬೆ. ಅದರಲ್ಲಿ ಬಲಿತ ಎಲೆ ಎರಡು, ಎಳೆಯ ಎಲೆಗಳದೊಂದು ಕುಚ್ಚು, ಇನ್ನೂ ಬಿರಿಯದ ಮೊಗ್ಗುಗಳ ಒಂದು ಗೊಂಚಲು.

"ದಾರಿಯಲ್ಲೇ ಬಾಡಿಹೋಯಿತು, ಏನೂ ತಿಳಿದುಕೊಳ್ಳಬೇಡಿ" ಎಂದು ಅವರು ಎಳೆಯ ಎಲೆಗಳ ಕಡೆ ತೋರಿಸಿದರು. ಅವು ತಾಮ್ರದ ಬಣ್ಣಕ್ಕಿದ್ದು, ಹಿಂಡಿ ತೂಗುಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು.

ವಿಷಯ ಇಷ್ಟು. ಮಲ್ಲೇಶ್ವರದಲ್ಲಿರುವ ಅವರ ಸೋದರತ್ತೆಯ ಹಳೆಯ ಮನೆ ಕೈಬದಲಾಗುವುದರಲ್ಲಿತ್ತು. ಕೊಳ್ಳುವವರು ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಾರಂತೆ. ಹಿತ್ತಿಲಿನ ಮರಗಳನ್ನು ತೆಗೆಯುವುದಕ್ಕೆ 1976ರ ಮರ ಸಂರಕ್ಷಣೆಯ ಕಾಯಿದೆಯಂತೆ ಅನುಮತಿ ಬೇಕು. ಅರ್ಜಿಯಲ್ಲಿ ಪ್ರತಿಯೊಂದು ಮರದ ಜಾತಿಯನ್ನೂ ಬರೆಯಬೇಕು. ಮಾವು, ಹಲಸು, ಸಂಪಿಗೆ ಎಂದು ಮೂರು ಸಾಲು ಸರಾಗವಾಗಿ ಹೋಗಿ ನಾಲ್ಕನೆಯ ಸಾಲಿನಲ್ಲಿ ಪೆನ್ನು ನಿಂತಿದೆ.

"ಅತ್ತೆ ಅದನ್ನು 'ಬರ್ಮದ ಗಿಡ' ಅಂತಾರೆ. ಅವರ ಮಾವನವರ ಕಾಲದಿಂದಲೂ ಹಾಗೇ ಅಂದುಕೊಂಡು ಬಂದಿದ್ದಾರಂತೆ. ಸರಕಾರದ ಅರ್ಜಿಯಲ್ಲಿ ಹಾಗಂತ ಬರೆದರೆ ನಗುವುದಿಲ್ಲವೇ? ಮೊಮ್ಮಗ ಫೋನಿನಲ್ಲಿ ಚಿತ್ರ ತೆಗೆದು ಕೇಳಿದ. ಅದು ಮೂರು ಹೆಸರು ಹೇಳಿ, ಯಾವುದು ಬೇಕೋ ಆರಿಸಿಕೊಳ್ಳಿ ಎಂದಿತು."

ನಾನು ರೆಂಬೆಯನ್ನು ಒಮ್ಮೆ ತಿರುಗಿಸಿ ನೋಡಿ, "ಇದರಲ್ಲಿ ಯೋಚನೆ ಮಾಡುವುದೇನಿದೆ? ಅಶೋಕ" ಎಂದುಬಿಟ್ಟೆ. ಅವರು ಸಂತೋಷದಿಂದ ಜೇಬಿನ ಪೆನ್ನು ತೆಗೆದರು.

ಹಾಗೆ ಹೇಳುವುದಕ್ಕೆ ನನಗೆ ಕಾರಣವಿರಲಿಲ್ಲವೆಂದು ವಾಚಕರು ತಿಳಿಯಬಾರದು. ನಮ್ಮೂರಿನಲ್ಲಿ ಅಶೋಕವೆಂದು ಹೇಳಿಸಿಕೊಳ್ಳುವ ಮರಗಳು ಎರಡಿವೆ. ಶಾಲೆ ಆಸ್ಪತ್ರೆಗಳ ಕಾಂಪೌಂಡಿನಲ್ಲಿ ಸಿಪಾಯಿಗಳ ಹಾಗೆ ಸಾಲಾಗಿ ನೆಟ್ಟಗೆ ನಿಂತಿರುತ್ತದಲ್ಲ, ಎಲೆಯ ಅಂಚು ಅಲೆಅಲೆಯಾಗಿರುತ್ತದಲ್ಲ, ಅದು ಅಶೋಕವಲ್ಲ; ಸೀತಾಫಲದ ಕುಲಕ್ಕೆ ಸೇರಿದ್ದು. ಹೆಸರನ್ನು ಕಡ ತಂದುಕೊಂಡು ಬದುಕುತ್ತಿದೆ, ಅಷ್ಟೆ. ನಿಜವಾದ ಅಶೋಕ ನಮ್ಮ ಪಶ್ಚಿಮ ಘಟ್ಟದ ನೆರಳು ಕಾಡುಗಳಲ್ಲಿ, ಹಳ್ಳದ ಬದಿಯಲ್ಲಿ ಹುಟ್ಟುವ ಮಧ್ಯಮ ಗಾತ್ರದ ಮರ. ಹೆಂಗಸರ ಪಾದದ ಒದೆತ ಬಿದ್ದರೆ ಹೂಬಿಡುತ್ತದೆಂದು ನಮ್ಮ ಕವಿಗಳು ನಂಬಿದ್ದು ಇದನ್ನೇ. ಕಾಳಿದಾಸನು 'ಮಾಲವಿಕಾಗ್ನಿಮಿತ್ರ'ದ ಒಂದು ಅಂಕವನ್ನೇ ಈ ಒದೆತಕ್ಕಾಗಿ ಮೀಸಲಿಟ್ಟಿದ್ದಾನೆ. ಇದರ ಎಳೆಯ ಎಲೆಗಳು ಹುಟ್ಟುವಾಗಲೇ ಬಾಡಿದಂತೆ ಕುಚ್ಚುಕುಚ್ಚಾಗಿ ನೇತಾಡುತ್ತವೆ. ಅವು ಬಾಡಿರುವುದಿಲ್ಲ, ಬಲಿತ ಮೇಲೆ ತಾವಾಗಿ ಸೆಟೆದುಕೊಂಡು ಹಸಿರಾಗುತ್ತವೆ. ಸ್ನೇಹಿತರ ಕೈಯಲ್ಲಿದ್ದ ಕುಚ್ಚೂ ಬಾಡಿದ್ದಲ್ಲ. ಮರದ ಮೇಲೆಯೂ ಅದು ಹಾಗೆಯೇ ಇದ್ದಿತು. ಎಲೆಯೂ ಅಶೋಕದಂತೆ ಒಂದು ನಡುದಂಡು, ಅದರ ಎರಡು ಕಡೆ ಜೋಡಿಜೋಡಿಯಾಗಿ ಕಿರಿಯೆಲೆ. ಇಷ್ಟು ಸಾಕ್ಷಿ ಸಾಲದೆ?

ಸಾಲದು ಎಂದು ಹೇಳಿದ್ದು ಮೊಗ್ಗು. ಅಶೋಕದ ಮೊಗ್ಗುಗಳು ಸಣ್ಣವು, ಒತ್ತೊತ್ತಾಗಿ ಕೊಂಬೆಗೆ ಅಂಟಿಕೊಂಡು ಚೆಂಡಿನಂತಿರುತ್ತವೆ. ಇಲ್ಲಿಯಾದರೋ ಗೊಂಚಲು ಒಂದು ಮೊಳದಷ್ಟು ಉದ್ದ. ಒಂದೊಂದು ಮೊಗ್ಗಿಗೂ ಬೇರೆಬೇರೆ ಉದ್ದನೆಯ ಕೆಂಪು ತೊಟ್ಟು. ತೊಟ್ಟಿನ ತುದಿಯಲ್ಲಿ ಎರಡು ಕೆಂಪು ಪೊರೆಗಳು ಎದುರುಬದುರಾಗಿ ಕೂಡಿಕೊಂಡು, ಮುಗಿದ ಅಂಗೈಗಳಂತೆ, ಒಳಗಿನದನ್ನು ಮುಚ್ಚಿಕೊಂಡಿದ್ದವು. ಕಿರಿಯೆಲೆಗಳನ್ನು ಎಣಿಸಿದೆ: ಏಳು ಜೋಡಿ. ಅಶೋಕಕ್ಕೆ ಸಾಮಾನ್ಯವಾಗಿ ಮೂರರಿಂದ ಆರು.

"ಸ್ವಲ್ಪ ತಾಳಿ, ಬರೆಯಬೇಡಿ" ಎಂದೆ. ಅವರು ಪೆನ್ನನ್ನು ಮತ್ತೆ ಜೇಬಿಗಿಟ್ಟುಕೊಂಡು, ಸಂಜೆ ಬರುವುದಾಗಿ ಹೇಳಿ ಹೊರಟರು. ರೆಂಬೆ ನೀರು ತುಂಬಿದ ಚೊಂಬಿನಲ್ಲಿ ನನ್ನ ಮೇಜಿನ ಮೇಲೆ ಕುಳಿತಿತು.

'ಬರ್ಮದ ಗಿಡ' ಎಂಬ ಮಾತನ್ನು ಆ ಮುದುಕಮ್ಮನ ಬಾಯಿಮಾತೆಂದು ನಾನು ಬೆಳಗ್ಗೆ ತಳ್ಳಿಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನನ್ನು ಕುಟುಕಲು ಸುರುಮಾಡಿತು. ಏಕೆಂದರೆ, ಅರಳದ ಕೆಲವು ಮೊಗ್ಗು ಮತ್ತು ಒಂದು ಎಲೆ, ಇಷ್ಟನ್ನೇ ಮುಂದಿಟ್ಟುಕೊಂಡು 'ಇದು ಯಾವ ಮರ?' ಎಂದು ಯೋಚಿಸುತ್ತ ಕುಳಿತವನೊಬ್ಬನ ಕಥೆಯನ್ನು ನಾನು ಹಿಂದೆ ಓದಿದ್ದೆ. ಅದು ನಡೆದದ್ದು 1826ರಲ್ಲಿ, ಬರ್ಮದಲ್ಲಿ.

ಆ ವರ್ಷದ ಫೆಬ್ರವರಿ 24ರಂದು ಯಂದಾಬೊ ಎಂಬ ಹಳ್ಳಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೂ ಆವಾದ ದೊರೆಗೂ ಒಪ್ಪಂದವಾಗಿ, ಎರಡು ವರ್ಷಗಳ ಯುದ್ಧ ಮುಗಿಯಿತು. ಕಂಪೆನಿಯ ಕಡೆ ಹೋದ ಸುಮಾರು 40,000 ಮಂದಿಯಲ್ಲಿ 15,000 ಮಂದಿ ಹಿಂದಿರುಗಲಿಲ್ಲವೆಂದು ಲೆಕ್ಕ. ಗುಂಡಿಗಿಂತ ಜ್ವರ ಭೇದಿಗಳೇ ಹೆಚ್ಚು ಜನರನ್ನು ತಿಂದವು. ಸೋತ ದೊರೆ ಅರಕಾನ್ ಮತ್ತು ತೆನಾಸೆರಿಮ್ ಸೀಮೆಗಳನ್ನು ಬಿಟ್ಟುಕೊಟ್ಟು ಒಂದು ಕೋಟಿ ರೂಪಾಯಿ ದಂಡ ತೆರಬೇಕಾಯಿತು. ಈ ಯುದ್ಧವನ್ನು ನಡೆಸಿದ ಗವರ್ನರ್ ಜನರಲ್ ಲಾರ್ಡ್ ಆಮ್‌ಹರ್ಸ್ಟ್. ವಾಚಕರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಪಟ್ಟಣಕ್ಕೆ ಜಾಗ ನೋಡಲು ಹೋದವನು ಜಾನ್ ಕ್ರಾಫರ್ಡ್. ಸ್ಕಾಟ್ಲೆಂಡಿನವನು, ಓದಿದ್ದು ವೈದ್ಯ, ಮಾಡಿದ್ದು ರಾಜಕಾರಣ. ಸಿಂಗಪುರದ ರೆಸಿಡೆಂಟನಾಗಿದ್ದು ಬಂದವನು. 1826ರ ಏಪ್ರಿಲಿನಲ್ಲಿ ಅವನು ಸಮುದ್ರದ ಬದಿಯಲ್ಲಿ ಒಂದು ಜಾಗವನ್ನು ಆರಿಸಿ, ಅದಕ್ಕೆ ಗವರ್ನರ್ ಜನರಲರ ಹೆಸರನ್ನೇ ಇಟ್ಟು ಆಮ್‌ಹರ್ಸ್ಟ್ ಎಂದು ಕರೆದ. (ಊರು ಈಗಲೂ ಇದೆ, ಅಲ್ಲಿಯವರು ಅದನ್ನು ಚೈಕ್ಕಮಿ ಎನ್ನುತ್ತಾರೆ.) ಆ ದಿನಗಳಲ್ಲೇ ಅವನು ಸಾಲ್ವೀನ್ ನದಿಯ ಮೇಲೆ ದೋಣಿಯಲ್ಲಿ ಸಾಗಿ ಕೋಗುನ್ ಎಂಬಲ್ಲಿ ಇಳಿದ. ಅಲ್ಲಿ ಸುಣ್ಣಕಲ್ಲಿನ ಬೆಟ್ಟದಲ್ಲಿ ಒಂದು ಗವಿ. ಗವಿಯ ಗೋಡೆಗಳ ಮೇಲೆ ಸುಟ್ಟ ಮಣ್ಣಿನ ಸಾವಿರಾರು ಬುದ್ಧನ ಬಿಲ್ಲೆಗಳನ್ನು ಅಂಟಿಸಿದ್ದಾರೆ. ಇಂದಿಗೂ ಯಾತ್ರಿಕರು ಹೋಗಿ ನೋಡುತ್ತಾರೆ. ಬುದ್ಧನ ವಿಗ್ರಹಗಳ ಮುಂದೆ ಬೊಗಸೆಬೊಗಸೆ ಕೆಂಪು ಹೂವು ಸುರಿದಿದ್ದುದನ್ನು ಕ್ರಾಫರ್ಡ್ ಕಂಡ. ಈ ಹೂವು ಎಲ್ಲಿಯದೆಂದು ನೋಡಿದರೆ, ಪಕ್ಕದ ಬೌದ್ಧ ಮಠದ ತೋಟದಲ್ಲಿ ಮರ ನಿಂತಿತ್ತು. ಗೊಂಚಲುಗಳು ದೀಪದ ಸರಗಳಂತೆ ಇಳಿಬಿದ್ದಿದ್ದವು. ಸಸ್ಯಶಾಸ್ತ್ರವನ್ನು ಅರಿಯದವನೂ ನಿಂತು ನೋಡದೆ ಹೋಗಲಾರನೆಂದು ಅವನು ವರದಿ ಮಾಡಿದ. ಜೊತೆಗೆ ಬಿರಿಯದ ಕೆಲವು ಮೊಗ್ಗುಗಳನ್ನೂ ಒಂದು ಎಲೆಯನ್ನೂ ಒಣಗಿಸಿ ಇಟ್ಟುಕೊಂಡ.

ಆ ಮೊಗ್ಗು ಎಲೆಗಳು ಅದೇ ವರ್ಷ ತಲಪಿದ್ದು ಯಾರ ಕೈಗೆ ತಲಪಬೇಕೋ ಅವನ ಕೈಗೇ. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕ ನಥಾನಿಯಲ್ ವಾಲಿಚ್ ಆಗ ಕ್ರಾಫರ್ಡನ ರಾಯಭಾರದೊಡನೆ ಆವಾಕ್ಕೆ ಹೊರಟು ಬಂದಿದ್ದ. ಈ ವಾಲಿಚ್ ಇಂಗ್ಲಿಷಿನವನಲ್ಲ. 1786ರಲ್ಲಿ ಕೋಪನ್‌ಹೇಗನ್ನಿನ ಒಂದು ಯೆಹೂದಿ ಮನೆತನದಲ್ಲಿ ಹುಟ್ಟಿದ ಡೇನ್. 1807ರಲ್ಲಿ ಡೇನರ ಸಣ್ಣ ವಸಾಹತಾಗಿದ್ದ ಶ್ರೀರಾಮಪುರಕ್ಕೆ ವೈದ್ಯನಾಗಿ ಬಂದ. ಬಂದ ಮರುವರ್ಷವೇ ಬ್ರಿಟಿಷರು ಊರನ್ನು ಹಿಡಿದುಕೊಂಡದ್ದರಿಂದ ಸೆರೆಯಾಳಾದ. ಅವನ ಸಸ್ಯಜ್ಞಾನವನ್ನು ಕೇಳಿ ಕಲ್ಕತ್ತೆಯ ರಾಕ್ಸ್‌ಬರ್ಗ್ ತನ್ನ ಸಹಾಯಕ್ಕೆ ಬಿಡಿಸಿಕೊಂಡ. ಸೆರೆಯಾಳಾಗಿ ಒಳಗೆ ಹೋದವನು 1817ರಿಂದ 1846ರ ತನಕ ಆ ತೋಟಕ್ಕೆ ಯಜಮಾನನಾದ. ನಮಗೂ ಅವನಿಗೂ ಒಂದು ನಂಟುಂಟು. ಮೇಜರ್ ವಾ ಎಂಬಾತ 1819ರಲ್ಲಿ ನಮ್ಮ ಲಾಲ್‌ಬಾಗನ್ನು ಕಂಪೆನಿ ಸರಕಾರಕ್ಕೆ ಒಪ್ಪಿಸಿದಾಗ ಅದನ್ನು ಕಲ್ಕತ್ತೆಯ ತೋಟದ ಅಧೀನದಲ್ಲಿಟ್ಟರು. 1831ರವರೆಗೆ, ಅಂದರೆ ಈ ಕಥೆ ನಡೆಯುವಾಗ, ಲಾಲ್‌ಬಾಗಿಗೂ ವಾಲಿಚನೇ ಮೇಲಧಿಕಾರಿ.

ಒಣಮೊಗ್ಗಿನಿಂದ ಮರದ ಜಾತಿಯನ್ನು ಹೇಳುವುದು ಹೇಗೆ? ಒಣಗಿದ್ದನ್ನು ಬಿಸಿನೀರಿನಲ್ಲಿ ಹಾಕಿದರೆ ಕೆಲವು ನಿಮಿಷಗಳಲ್ಲಿ ಮೆದುವಾಗುತ್ತದೆ. ಆಮೇಲೆ ಸೂಜಿಯ ಮೊನೆಯಿಂದ ಪದರಪದರವಾಗಿ ಬಿಡಿಸಬೇಕು. ಅರಳಿದ ಹೂವಿನಲ್ಲಿ ಉದುರಿಯೋ, ಹುಳು ತಿಂದೋ, ಗಾಳಿಗೆ ಮುರಿದೋ ಒಂದಲ್ಲ ಒಂದು ಅಂಗ ಕಾಣೆಯಾಗಿರುತ್ತದೆ. ಮೊಗ್ಗಿನಲ್ಲಿ ಹಾಗಲ್ಲ. ಪ್ರಯಾಣಕ್ಕೆ ಹೊರಟವರು ಪೆಟ್ಟಿಗೆ ತುಂಬಿದ ಹಾಗೆ, ಮುಂದೆ ಬೇಕಾದದ್ದೆಲ್ಲ ಅದರೊಳಗೆ ಮಡಿಸಿ ಇಟ್ಟಿರುತ್ತದೆ. ಎಣಿಸುವ ತಾಳ್ಮೆ ಬೇಕು, ಅಷ್ಟೆ.

ಎಣಿಕೆಯ ವಿದ್ಯೆಯನ್ನು ಹೇಳಿಕೊಟ್ಟವನು ಸ್ವೀಡನ್ನಿನ ಲಿನೀಯಸ್. ಅವನು 1735ರಲ್ಲಿ ಗಿಡಮರಗಳನ್ನೆಲ್ಲ 24 ವರ್ಗಗಳಲ್ಲಿ ಕೂರಿಸಿದ. ವರ್ಗ ತಿಳಿಯಲು ಎಲೆ, ಬೇರು, ತೊಗಟೆ ಯಾವುದೂ ಬೇಡ; ಹೂವಿನಲ್ಲಿರುವ ಕೇಸರಗಳನ್ನು ಎಣಿಸಿದರಾಯಿತು. ಒಂದು ಕೇಸರವಿದ್ದರೆ ಮೊದಲನೆಯ ವರ್ಗ, ಏಳಿದ್ದರೆ ಏಳನೆಯದು. ಕೇಸರಗಳು ಬಿಡಿಬಿಡಿಯಾಗಿರದೆ ಎರಡು ಕಟ್ಟುಗಳಾಗಿ ಸೇರಿಕೊಂಡಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಹದಿನೇಳನೆಯ ವರ್ಗ. ಕೇಸರಗಳನ್ನು ಗಂಡಂದಿರೆಂದೂ ಅಂಡಾಶಯದ ಕೊಳವೆಯನ್ನು ಹೆಂಡತಿಯೆಂದೂ ಅವನು ವರ್ಣಿಸಿದ್ದರಿಂದ ಆಗಿನ ಮರ್ಯಾದಸ್ಥರಿಗೆ ಸಿಟ್ಟೂ ಬಂದಿತು. ಆದರೂ ವಿದ್ಯೆ ಸುಲಭವಾಗಿತ್ತು. ದಂಡಿನ ವೈದ್ಯನೂ ಪಾದ್ರಿಯೂ ಮನೆಯಲ್ಲಿ ಬೇಸರ ಕಳೆಯುವ ಹೆಂಗಸರೂ ಒಂದು ಸೂಜಿ, ಒಂದು ಭೂತಗನ್ನಡಿ ಹಿಡಿದು ಸಸ್ಯಶಾಸ್ತ್ರಜ್ಞರಾದದ್ದು ಇದರಿಂದಲೇ.

ಕೋಗುನ್ನಿನ ಮೊಗ್ಗಿನೊಳಗೆ ಕೇಸರಗಳು ಹತ್ತು. ಒಂಬತ್ತು ಬುಡದಲ್ಲಿ ಕೂಡಿಕೊಂಡು ಕೊಳವೆಯಾಗಿವೆ. ಹತ್ತನೆಯದು ಪಂಕ್ತಿಯಿಂದ ಹೊರಗೆ ಕುಳಿತಂತೆ ಒಂಟಿ. ಹದಿನೇಳನೆಯ ವರ್ಗ, ಹತ್ತು ಕೇಸರದ ಗಣ. ಅವರೆ, ತೊಗರಿ, ಬಟಾಣಿಗಳಲ್ಲಿಯೂ ಕೇಸರಗಳ ಏರ್ಪಾಡು ಇದೇ. ಹಾಗಾದರೆ ಇದು ಅವರೆಯ ಬಳಗದ ಮರ. ಬಳಗ ತಿಳಿಯಿತು, ಆದರೆ ಆ ಬಳಗದಲ್ಲಿ ಆವರೆಗೆ ಹೆಸರಿಟ್ಟಿದ್ದ ಯಾವ ಕುಲದೊಡನೆಯೂ ಇದು ಹೊಂದಲಿಲ್ಲ. ಐದು ಎಸಳಿನಲ್ಲಿ ಮೂರು ಮಾತ್ರ ಕಾಣುವಂಥವು, ಉಳಿದೆರಡು ಹೆಸರಿಗೆ ಮಾತ್ರ ಇರುವ ಚೂರುಗಳು. ಹೊರಗಿನ ಆ ಎರಡು ಕೆಂಪು ಪೊರೆಗಳಂತೂ ಎಸಳಿಗಿಂತ ಹೆಚ್ಚು ಆಡಂಬರದವು. ಇದೊಂದು ಹೊಸ ಕುಲವೇ ಆಗಬೇಕು.

ಮೊಗ್ಗನ್ನು ನೋಡಿದವನಿಗೆ ಮರವನ್ನು ನೋಡದೆ ನಿದ್ದೆ ಬರಲಿಲ್ಲವೆಂದು ತೋರುತ್ತದೆ. ರಾಯಭಾರ ಮುಗಿಸಿಕೊಂಡು, ತೇಗದ ಕಾಡುಗಳನ್ನು ಪರೀಕ್ಷಿಸುವ ಕೆಲಸದ ಮೇಲೆ 1827ರಲ್ಲಿ ಸಾಲ್ವೀನ್ ಹೊಳೆಯ ಮೇಲೆ ಹೋದ ವಾಲಿಚ್ ಕೋಗುನ್ನಿನ ಗವಿಗೆ ಹೋದ. ಹಾಳುಬಿದ್ದ ಆ ಮಠದ ತೋಟದಲ್ಲಿ ಎರಡು ಮರಗಳು ಹೂ ಹೊತ್ತು ನಿಂತಿದ್ದವು. ದೊಡ್ಡದು ಸುಮಾರು 40 ಅಡಿ ಎತ್ತರ. ಈ ಮರ ಎಲ್ಲಿಂದ ಬಂತು, ಯಾವ ಕಾಡಿನದು ಎಂದು ವಿಚಾರಿಸಿದರೆ ಸುತ್ತಿನವರಲ್ಲಿ ಸರಿಯಾಗಿ ಹೇಳುವವರು ಯಾರೂ ಸಿಗಲಿಲ್ಲ. ಅವರಿಗೆ ಅದು ಪೂಜೆಯ ಹೂವಿನ ಮರ. ಅದನ್ನು ಕಾಡಿನ ಮರವೆಂದು ಅವರು ಕಂಡೇ ಇರಲಿಲ್ಲ. ಆಮೇಲಿನ ಇನ್ನೂರು ವರ್ಷಗಳಲ್ಲಿಯೂ ಅದನ್ನು ಕಾಡಿನಲ್ಲಿ ಕಂಡವರನ್ನು ಬೆರಳಲ್ಲಿ ಎಣಿಸಬಹುದು. ಮಠದವರು ನೆಟ್ಟು, ನೀರೆರೆದು ಕಾಪಾಡದೆ ಇದ್ದಿದ್ದರೆ ಕ್ರಾಫರ್ಡನಿಗೆ ಮೊಗ್ಗು ಸಿಗುತ್ತಿರಲಿಲ್ಲ, ವಾಲಿಚನಿಗೆ ಮರ ಸಿಗುತ್ತಿರಲಿಲ್ಲ.

ಹೆಸರಿಡುವ ಹೊತ್ತು ಬಂದಿತು. ವಾಲಿಚ್ ಅದನ್ನು 'ಆಮ್‌ಹರ್ಸ್ಟಿಯಾ ನೊಬಿಲಿಸ್' ಎಂದು ಕರೆದ. ಗವರ್ನರ್ ಜನರಲರ ಹೆಂಡತಿ ಸಾರಾ ಆಮ್‌ಹರ್ಸ್ಟ್ ಮತ್ತು ಆಕೆಯ ಮಗಳ ಗೌರವಾರ್ಥವಾಗಿ ಇಟ್ಟ ಹೆಸರು ಅದು. ಆಕೆಗೆ ಗಿಡಬಳ್ಳಿಗಳ ಆಸ್ಥೆ ನಿಜವಾಗಿಯೂ ಇತ್ತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಬರ್ಮಕ್ಕೆ ನಡೆಯಲು ಒಪ್ಪದ 47ನೆಯ ಪದಾತಿ ದಳದ ಸಿಪಾಯಿಗಳ ಮೇಲೆ 1824ರ ನವೆಂಬರಿನಲ್ಲಿ ಬಾರಕ್‌ಪುರದ ಕವಾಯತು ಮೈದಾನದಲ್ಲಿ ಫಿರಂಗಿ ಹಾರಿಸಿದರು. ಗವರ್ನರ್ ಜನರಲರ ಉದ್ಯಾನಗೃಹ ಇದ್ದದ್ದೂ ಆ ಬಾರಕ್‌ಪುರದಲ್ಲೇ. ಹೊಳೆಯಾಚೆಯ ದಡವೇ ವಾಲಿಚ್ ಮೊದಲು ಬಂದಿಳಿದ ಶ್ರೀರಾಮಪುರ. ಯುದ್ಧ ಮಾಡಿದವರ ಮನೆಯ ಹೆಸರು, ಯುದ್ಧದಲ್ಲಿ ಸೋತ ಸೀಮೆಯ ಬುದ್ಧನ ಹೂವಿಗೆ ಬಂದು ಕೂತಿತು.

ಮರಕ್ಕೆ ಮೊದಲೇ ಹೆಸರಿರಲಿಲ್ಲವೇ? ಇತ್ತು. ಬರ್ಮದವರು ಅದನ್ನು 'ತೋಕ-ಜೀ' ಎನ್ನುತ್ತಾರೆ. ಜೀ ಎಂದರೆ ದೊಡ್ಡದು. ತೋಕ ಎಂಬುದರ ಮೂಲ ಬರ್ಮಿಯಲ್ಲ, ಪಾಳಿ. ಬರ್ಮದವರ ನಾಲಗೆಯಲ್ಲಿ ಪಾಳಿಯ ಸಕಾರ ತಕಾರದ ಹಾಗೆ ಹೊರಳುತ್ತದೆ. ಬುದ್ಧನ 'ಸಾಸನ' ಅವರಿಗೆ 'ತಾತನಾ'. ಆ ಲೆಕ್ಕದಲ್ಲಿ ತೋಕವೆಂದರೆ ಸೋಕ, ಮುಂದಿನ ಅಕಾರ ಜಾರಿಹೋದ ಅಸೋಕ. ನಮ್ಮ ಅಶೋಕವನ್ನು ಅವರು ತೋಕವೆನ್ನುತ್ತಾರೆ. ಇದನ್ನು ದೊಡ್ಡ ತೋಕವೆನ್ನುತ್ತಾರೆ. ಬುದ್ಧನು ಹುಟ್ಟಿದ್ದು ಅಶೋಕದ ಕೆಳಗೆ ಎಂದು ಹೇಳುವ ಸಂಪ್ರದಾಯವೂ ಬೌದ್ಧರಲ್ಲಿ ಉಂಟು. ಅಂಥ ಮರದ ಅಣ್ಣನೆಂದು ಕಂಡ ಮೇಲೆ ಆ ಹೂವು ಗವಿಯಲ್ಲಿ ಬುದ್ಧನ ಪಾದಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವೇನು?

ಈ ವಿಷಯವನ್ನು ಹಳೆಯ ಟಿಪ್ಪಣಿಗಳಲ್ಲಿ ಮತ್ತೆ ಕಂಡಾಗ, ಬೆಳಗ್ಗೆ ನಾನು ಮಾಡಿದ ತಪ್ಪು ಅಷ್ಟು ನಾಚಿಕೆಗೇಡಿನದೆಂದು ಅನಿಸಲಿಲ್ಲ. ಹೆಸರಿಟ್ಟ ಆ ಅಜ್ಞಾತ ಬರ್ಮದವನೂ ನನ್ನ ಹಾಗೆ ಕುಚ್ಚು ಕುಚ್ಚಾಗಿ ಜೋತುಬಿದ್ದ ಎಳೆಯ ಎಲೆಯನ್ನು ನೋಡಿದ್ದಾನೆ. ಆದರೆ ಅವನು ನನಗಿಂತ ಜಾಣ. ಅಶೋಕದ ಹಾಗಿದೆ, ಅಶೋಕವಲ್ಲ ಎಂಬೆರಡನ್ನೂ ಒಂದೇ ಹೆಸರಿನಲ್ಲಿ ಹೇಳಿಬಿಟ್ಟಿದ್ದಾನೆ.

ಇಲ್ಲಿ ಲಿನೀಯಸನ ಎಣಿಕೆ ಏನು ಮಾಡಿತೆಂಬುದು ಸ್ವಾರಸ್ಯವಾಗಿದೆ. ನಮ್ಮ ಅಶೋಕದ ಹೂವಿಗೆ ಸಾಮಾನ್ಯವಾಗಿ ಏಳು ಕೇಸರ. ಆದ್ದರಿಂದ ರಾಕ್ಸ್‌ಬರ್ಗ್ ಅದನ್ನು ಏಳನೆಯ ವರ್ಗಕ್ಕೆ ಸೇರಿಸಿದ್ದ. ಬರ್ಮದ ಮರ ಹದಿನೇಳನೆಯದಕ್ಕೆ ಹೋಯಿತು. ಬರ್ಮದವರು ಅಣ್ಣತಮ್ಮಂದಿರೆಂದು ಒಂದೇ ಜಗಲಿಯ ಮೇಲೆ ಕೂರಿಸಿದ್ದ ಮರಗಳನ್ನು ಎಣಿಕೆಯವರು ಎರಡು ಬೇರೆ ಬೇರೆ ಕೇರಿಗಳಿಗೆ ಅಟ್ಟಿದರು. ಎಣಿಕೆಯೊಂದನ್ನೇ ನಂಬಿದ ಆ ಪದ್ಧತಿ ಹೆಚ್ಚು ಕಾಲ ಬಾಳಲಿಲ್ಲ. ಗಿಡದ ಎಲ್ಲ ಅಂಗಗಳನ್ನೂ ಕೂಡಿಸಿ ನೋಡುವ ಹೊಸ ವರ್ಗೀಕರಣ ಬಂದು, ಎರಡೂ ಅವರೆಯ ದೊಡ್ಡ ಕುಟುಂಬಕ್ಕೇ ಸೇರಿದವೆಂದು ತೀರ್ಮಾನವಾಯಿತು. ಇತ್ತೀಚೆಗೆ ಜೀನುಗಳನ್ನು ಓದುವವರು ಆ ಕುಟುಂಬವನ್ನು ಮತ್ತೆ ಆರು ಉಪಕುಟುಂಬಗಳಾಗಿ ಪಾಲು ಮಾಡಿದ್ದಾರೆ. ಆ ಪಾಲಿನಲ್ಲಿಯೂ ಅಶೋಕ ಮತ್ತು ತೋಕ-ಜೀ ಒಂದೇ ಮನೆಯಲ್ಲಿ ಉಳಿದಿವೆ. ಸ್ವಂತ ತಮ್ಮನಲ್ಲ, ದಾಯಾದಿ ಎನ್ನಬಹುದು, ನಂಟಂತೂ ಸುಳ್ಳಲ್ಲ.

ಅಶೋಕದ ಹೆಸರಿನ ಕಥೆಯೂ ಕೇಳತಕ್ಕದ್ದು. ಕಲ್ಕತ್ತೆಯ ನ್ಯಾಯಾಧೀಶ ಸರ್ ವಿಲಿಯಮ್ ಜೋನ್ಸ್ ಸಂಸ್ಕೃತ ಪಂಡಿತ, ಗಿಡಮರಗಳ ಭಕ್ತ. ಭಾರತದ ಸಸ್ಯಗಳಿಗೆ ಯುರೋಪಿನ ಮಹನೀಯರ ಹೆಸರನ್ನು ಅಂಟಿಸುವುದು ಬೇಡ, ಇಲ್ಲಿಯ ಹೆಸರುಗಳನ್ನೇ ಉಳಿಸಬೇಕು ಎಂದು ವಾದಿಸಿದವನು. ಅವನು 1794ರಲ್ಲಿ ತೀರಿಕೊಂಡ. ಮರುವರ್ಷ ರಾಕ್ಸ್‌ಬರ್ಗ್ ಪ್ರೀತಿಯಿಂದ ಅಶೋಕಕ್ಕೆ 'ಜೋನೇಸಿಯಾ ಅಸೋಕ' ಎಂದು ಅವನ ಹೆಸರನ್ನೇ ಇಟ್ಟ! ಯಾವುದು ಬೇಡವೆಂದನೋ ಅದನ್ನೇ ಅವನಿಗೆ ಮಾಲೆಯಾಗಿ ಹಾಕಿದಂತಾಯಿತು. ಆದರೆ ಆ ಕುಲಕ್ಕೆ ಲಿನೀಯಸನು 1767ರಲ್ಲಿಯೇ 'ಸರಾಕ' ಎಂದು ಹೆಸರಿಟ್ಟಿದ್ದನೆಂದು ಆಮೇಲೆ ಗೊತ್ತಾಯಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಸಸ್ಯಶಾಸ್ತ್ರಜ್ಞರ ಕಟ್ಟಳೆ. ಜೋನ್ಸನ ಹೆಸರು ಬಿತ್ತು, ಅಶೋಕದ ಹೆಸರು ಉಳಿಯಿತು. ಈಗ ಅದು 'ಸರಾಕ ಅಸೋಕ'. ಜೋನ್ಸ್ ಎಲ್ಲಿದ್ದರೂ ಒಪ್ಪಿಕೊಂಡಿರಬೇಕು. ಆಮ್‌ಹರ್ಸ್ಟಿಗೆ ಇಂಥ ತೊಡಕು ಬರಲಿಲ್ಲ. ತೋಕ-ಜೀಯನ್ನು ಲ್ಯಾಟಿನಿನಲ್ಲಿ ಮೊದಲು ಬರೆದವರು ಯಾರೂ ಇರಲಿಲ್ಲವಾದ್ದರಿಂದ ಅವರ ಹೆಸರು ಇಂದಿಗೂ ಗಟ್ಟಿಯಾಗಿ ಕುಳಿತಿದೆ. ಮಠದ ಭಿಕ್ಷುಗಳು ಇಟ್ಟ ಹೆಸರಿಗೆ ಆ ಕಟ್ಟಳೆಯಲ್ಲಿ ಲೆಕ್ಕವಿಲ್ಲ.

ವಾಲಿಚನ ದೊಡ್ಡ ಗ್ರಂಥ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ 1832ರ ಹೊತ್ತಿಗೆ ಅಚ್ಚಾಗಿ ಮುಗಿಯಿತು. ಅದರ ಮೊದಲ ಚಿತ್ರವೇ ಈ ಮರದ್ದು. ಬರೆದವನು ಕಲ್ಕತ್ತೆಯ ತೋಟದ ಚಿತ್ರಗಾರ ವಿಷ್ಣುಪ್ರಸಾದ. ಅವನ ಹೆಸರೂ ಚಿತ್ರದ ಬುಡದಲ್ಲಿ ಅಚ್ಚಾಗಿದೆ. ಅದನ್ನು ಸಣ್ಣ ವಿಷಯವೆಂದು ನಾನು ಎಣಿಸುವುದಿಲ್ಲ. ಆ ಕಾಲದಲ್ಲಿ ಕಂಪೆನಿಯ ತೋಟಗಳಲ್ಲಿ ಬರೆದ ಎಷ್ಟೋ ಚಿತ್ರಗಳು ಅನಾಮಧೇಯವಾಗಿಯೇ ಉಳಿದವು.

ಚಿತ್ರ ಕಂಡ ಇಂಗ್ಲೆಂಡಿನ ಸಿರಿವಂತರಿಗೆ ಹುಚ್ಚು ಹಿಡಿಯಿತು. ಡೆವನ್‌ಷೈರಿನ ಡ್ಯೂಕನು ಈ ಒಂದು ಗಿಡಕ್ಕಾಗಿಯೇ 1835ರಲ್ಲಿ ಜಾನ್ ಗಿಬ್ಸನ್ ಎಂಬ ತನ್ನ ತೋಟಗಾರನನ್ನು ಹಡಗು ಹತ್ತಿಸಿದ. ಗಿಬ್ಸನ್ 1837ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ತುಂಬಿಕೊಂಡು ಹಿಂದಿರುಗಿದ. ಡ್ಯೂಕನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್, ಹುಟ್ಟಿನಿಂದ ಬಡ ರೈತನ ಮಗ, ಅದನ್ನು ಬಿಸಿಮನೆಯಲ್ಲಿಟ್ಟು ಸಾಕಿದ. ಗಿಡ ಹೂ ಬಿಡಲಿಲ್ಲ. ಡ್ಯೂಕನಿಗೆ ದಕ್ಕದ ಭಾಗ್ಯ 1849ರಲ್ಲಿ ಲಂಡನ್ನಿನ ಬದಿಯ ಈಲಿಂಗಿನಲ್ಲಿದ್ದ ಒಬ್ಬ ಶಸ್ತ್ರವೈದ್ಯನ ಹೆಂಡತಿ ಲೂಯಿಸಾ ಲಾರೆನ್ಸ್‌ಗೆ ದಕ್ಕಿತು. ಲಾರ್ಡ್ ಹಾರ್ಡಿಂಜ್ ಎರಡು ವರ್ಷದ ಹಿಂದೆ ಕೊಟ್ಟಿದ್ದ ಗಿಡ ಆಕೆಯ ಗಾಜಿನ ಮನೆಯಲ್ಲಿ ಅರಳಿತು. ಮೊದಲ ಗೊಂಚಲನ್ನು ಆಕೆ ರಾಣಿ ವಿಕ್ಟೋರಿಯಾಗೆ ಕಳುಹಿಸಿದಳು. ಬುದ್ಧನ ಪಾದದಿಂದ ರಾಣಿಯ ಮೇಜಿಗೆ ಹೋಗಲು ಹೂವಿಗೆ 23 ವರ್ಷ ಹಿಡಿಯಿತು. ಇತ್ತ ಪ್ಯಾಕ್ಸ್‌ಟನ್ನನು ಗಿಡಗಳಿಗೆಂದು ಕಟ್ಟಿ ಕಟ್ಟಿ ಕಲಿತ ಗಾಜಿನ ವಿದ್ಯೆಯಿಂದ 1851ರಲ್ಲಿ ಲಂಡನ್ನಿನ ಸ್ಫಟಿಕ ಮಹಲನ್ನು ಎಬ್ಬಿಸಿದ. ಅದರ ಮಾದರಿಯ ನೆರಳು ನಮ್ಮ ಲಾಲ್‌ಬಾಗಿನ ಗಾಜಿನ ಮನೆಯ ಮೇಲೆ ಬಿದ್ದಿದೆ. ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲಿನಲ್ಲಿ ಹೋಗಿ ಬರುವ ನಾವು ಯಾರೂ ಅದನ್ನು ಯೋಚಿಸುವುದಿಲ್ಲ.

ಇನ್ನು ನನ್ನ ಮೇಜಿನ ಚೊಂಬಿಗೆ ಬರೋಣ. ಸಂಜೆ ನಾಲ್ಕಕ್ಕೆ ಮನೆಯವಳ ಹೊಲಿಗೆಯ ಡಬ್ಬಿಯಿಂದ ಸೂಜಿ ತಂದು, ದಪ್ಪ ನೋಡಿ ಒಂದು ಮೊಗ್ಗು ಕಿತ್ತೆ. ಹಸಿ ಮೊಗ್ಗು, ಬಿಸಿನೀರಿನ ಕೆಲಸವಿರಲಿಲ್ಲ. ಎರಡು ಕೆಂಪು ಪೊರೆಗಳನ್ನು ಬಿಡಿಸಿದೆ. ಒಳಗೆ ಎಸಳುಗಳು ಮಡಿಕೆಯಾಗಿ ಕುಳಿತಿದ್ದವು. ಮೂರು ದೊಡ್ಡವು, ತುದಿಯಲ್ಲಿ ಹಳದಿಯ ಛಾಯೆ ಆಗಲೇ ಇಳಿಯುತ್ತಿತ್ತು. ಉಳಿದೆರಡು ಕಣ್ಣಿಗೆ ಬೀಳದಷ್ಟು ಸಣ್ಣವು. ಅವನ್ನು ಸರಿಸಿ ಕೇಸರಗಳನ್ನು ಎಣಿಸಿದೆ. ಮೊದಲ ಸಲ ಒಂಬತ್ತು ಬಂತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಒಂಬತ್ತು ಒಂದು ಕಟ್ಟು. ಹತ್ತನೆಯದು ಒಂದು ಬದಿಯಲ್ಲಿ ಒಂಟಿಯಾಗಿ, ಸೂಜಿಗೆ ಸಿಕ್ಕಿ ಬೇರೆಯಾಗಿ ಬಂತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಆದರೂ ಯಾರಿಗಾದರೂ ಹೇಳಬೇಕೆನಿಸಿ ಅಡಿಗೆಮನೆಗೆ ಹೋಗಿ ಹೇಳಿದೆ. "ಆ ಸೂಜಿ ಮತ್ತೆ ಡಬ್ಬಿಯಲ್ಲಿಡಿ" ಎಂದು ಉತ್ತರ ಬಂತು.

ಸಂಜೆ ಸ್ನೇಹಿತರೊಡನೆ ಮಲ್ಲೇಶ್ವರಕ್ಕೆ ಹೋದೆ. ಹಿತ್ತಿಲಿನ ಮೂಲೆಯಲ್ಲಿ ಬಾವಿಕಟ್ಟೆಯ ಪಕ್ಕ ಮರ ನಿಂತಿತ್ತು. ಮಹಡಿಯಷ್ಟೆತ್ತರ. ರೆಂಬೆ ಕಿತ್ತ ಕಡೆಯಲ್ಲದೆ ಉಳಿದೆಲ್ಲ ಕಡೆ ಗೊಂಚಲು ಇಳಿಬಿಟ್ಟಿತ್ತು. ಎರಡು ಮೂರು ಬಿರಿದೂ ಇದ್ದವು. ಎಂಬತ್ತೈದು ದಾಟಿದ ಆ ಅತ್ತೆಯವರು ಕುರ್ಚಿಯಲ್ಲಿ ಕೂತೇ ಎಲ್ಲವನ್ನೂ ಕೇಳಿದರು. ಕ್ರಾಫರ್ಡ್, ವಾಲಿಚ್, ಡ್ಯೂಕ್, ರಾಣಿ, ಒಬ್ಬರನ್ನೂ ಬಿಡದೆ ನಾನು ಹೇಳಿ ಮುಗಿಸಿದ ಮೇಲೆ, "ಅದಕ್ಕೇ ಅಲ್ಲವೇನಪ್ಪ ನಾವು ಬರ್ಮದ ಗಿಡ ಅನ್ನೋದು" ಎಂದರು.

ಈ ಮರ ಬೀಜ ಕಟ್ಟುವುದು ಅಪರೂಪ. ವಂಶ ಬೆಳೆಸಬೇಕಾದರೆ ಗೂಟಿ ಕಟ್ಟಬೇಕು. ಪಕ್ಕದ ಬೀದಿಯ ಮಾಲಿಯನ್ನು ಕರೆಸಿ ಮೂರು ಕೊಂಬೆಗೆ ಕಟ್ಟಿಸಿದೆವು. ಅರ್ಜಿಯ ನಾಲ್ಕನೆಯ ಸಾಲಿನಲ್ಲಿ ಸ್ನೇಹಿತರು ಲ್ಯಾಟಿನ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅತ್ತೆಯವರ ಹಟಕ್ಕೆ 'ಬರ್ಮದ ಗಿಡ' ಎಂದೂ ಸೇರಿಸಿದರು. ಕೊಳ್ಳುವವರನ್ನು ಕಂಡು, ಬಾವಿಯ ಮೂಲೆಯನ್ನು ಬಿಟ್ಟು ಕಟ್ಟಲು ಸಾಧ್ಯವೇ ಎಂದು ಕೇಳಿದ್ದಾರೆ. ನಕ್ಷೆ ತಿದ್ದಿಸಿ ನೋಡುತ್ತೇವೆ ಎಂದಿದ್ದಾರಂತೆ. ಇದನ್ನು ಬರೆಯುವ ತನಕ ಮರ ನಿಂತಿದೆ.

ಮೂರು ಗೂಟಿಗಳಲ್ಲಿ ಎರಡು ಬೇರುಬಿಟ್ಟವು. ಒಂದು ನಮ್ಮ ವರಾಂಡದ ಕುಂಡದಲ್ಲಿದೆ. ಹೋದ ವಾರ ಅದು ಹೊಸ ಎಲೆಯ ಕುಚ್ಚೊಂದನ್ನು ಇಳಿಬಿಟ್ಟಿತು. ಬೆಳಗ್ಗೆ ಹಾಲು ತಂದ ಹುಡುಗ ನಿಂತು ನೋಡಿ, "ಗಿಡ ಬಾಡೋಗೈತಲ್ಲ ಸಾರ್, ನೀರು ಹಾಕಿಲ್ವಾ?" ಎಂದು ಕೇಳಿದ.